ಅರಸಾಳಿನ ಹಳೆಯ ಸ್ಟೇಷನ್ನು

ಆಗುಂಬೆಗೆ ರೈಲಿಲ್ಲ, ರೈಲಿಲ್ಲದಿದ್ದುದರಿಂದಲೇ ಅರಸಾಳಿನ ಹಳೆಯ ಸ್ಟೇಷನ್ನು ಇಂದು ಉಳಿದುಕೊಂಡಿದೆಯೆಂದರೆ ಓದುಗರಿಗೆ ಮೊದಲು ಸೋಜಿಗವೆನಿಸಬಹುದು. ಆರ್. ಕೆ. ನಾರಾಯಣರ ಕಥೆಗಳನ್ನು ದೂರದರ್ಶನಕ್ಕಾಗಿ ಚಿತ್ರಿಸಲು ಹೊರಟ ಶಂಕರ್ ನಾಗ್ ಅವರು ಮಾಲ್ಗುಡಿಯೆಂಬ ಕಲ್ಪಿತ ಪಟ್ಟಣಕ್ಕೆ ಒಪ್ಪುವ ಬೀದಿಗಳನ್ನೂ, ಜಗಲಿಗಳನ್ನೂ, ತೊಟ್ಟಿಯ ಮನೆಯನ್ನೂ ಆಗುಂಬೆಯಲ್ಲಿ ಕಂಡುಕೊಂಡರಾದರೂ, ಆ ಪಟ್ಟಣಕ್ಕೆ ಪ್ರಾಣಪ್ರಾಯವಾದ ರೈಲ್ವೆ ನಿಲ್ದಾಣವೊಂದು ಘಟ್ಟದ ನೆತ್ತಿಯ ಆ ಮಳೆಯೂರಿನಲ್ಲಿ ದೊರೆಯುವಂತಿರಲಿಲ್ಲ. ಅದನ್ನು ಅವರು ಶಿವಮೊಗ್ಗದಿಂದ ತಾಳಗುಪ್ಪಕ್ಕೆ ಹೋಗುವ ಹಾದಿಯಲ್ಲಿ, ಹೊಸನಗರ ತಾಲ್ಲೂಕಿನ ಅರಸಾಳಿನಲ್ಲಿ ಕಂಡರು. ಕಾಡಿನ ನಡುವೆ ಹೆಂಚಿನ ಮಾಡು ಹೊತ್ತು ನಿಂತಿದ್ದ ಆ ಪುಟ್ಟ ಕಟ್ಟಡ, 1986ರಲ್ಲಿ ‘ಮಾಲ್ಗುಡಿ ಡೇಸ್’ ಪ್ರಸಾರವಾದ ಬಳಿಕ, ಅರಸಾಳೆಂಬ ಹೆಸರನ್ನೇ ಕೇಳದಿದ್ದ ಲಕ್ಷಾಂತರ ಜನರ ಕಣ್ಣಿಗೆ ಪರಿಚಿತವಾಯಿತು. ಮೀಟರ್‌ಗೇಜು ಹೋಗಿ, ಹೊಸ ಹಳಿಯೂ ಹೊಸ ಕಟ್ಟಡವೂ ಬಂದು, ಹಳೆಯದು ಯಾರಿಗೂ ಬೇಡವಾಗಿ ಬಿದ್ದುಹೋಗುವ ಸ್ಥಿತಿಯಲ್ಲಿದ್ದಾಗ, ಆ ಪರಿಚಯವೇ ಅದನ್ನು ಕಾಪಾಡಿತು. ನೈರುತ್ಯ ರೈಲ್ವೆಯವರು ಅದನ್ನು ದುರಸ್ತಿ ಮಾಡಿಸಿ 2020ರಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯವನ್ನಾಗಿ ಮಾಡಿದರು.

ಹೊಸಪೇಟೆಯವನಾದ ನಾನು ಅಷ್ಟು ದೂರದ ಸ್ಟೇಷನ್ನೊಂದನ್ನು ನೋಡಲು ಹೋದುದಕ್ಕೆ ಕಾರಣ ಮಾಲ್ಗುಡಿಯ ಮೇಲಿನ ಪ್ರೀತಿಯೊಂದೇ ಅಲ್ಲ. ನನ್ನ ಸೋದರಮಾವ ಹೊಸಪೇಟೆಗೂ ಕೊಪ್ಪಳಕ್ಕೂ ನಡುವಿನ ಒಂದು ಸಣ್ಣ ಸ್ಟೇಷನ್ನಿನಲ್ಲಿ ಪಾಯಿಂಟ್ಸ್‌ಮನ್ ಆಗಿದ್ದವರು. ಬೇಸಗೆಯ ರಜೆಗೆ ಅಮ್ಮನೊಡನೆ ಅವರಲ್ಲಿಗೆ ಹೋಗಿ, ತುಂಗಭದ್ರೆಯಾಚೆಯ ಎರೆಭೂಮಿಯ ಬಿಸಿಲಿನಲ್ಲಿ, ಬೇವಿನ ಮರದಡಿ, ದಿನಕ್ಕೆ ನಾಲ್ಕಾರು ಗಾಡಿಗಳು ಬಂದುಹೋಗುವುದನ್ನು ನೋಡುವುದೇ ನನ್ನ ಬಾಲ್ಯದ ಬಹುದೊಡ್ಡ ಉತ್ಸವವಾಗಿದ್ದಿತು. ಅಂತಹ ಸ್ಟೇಷನ್ನುಗಳು ನಮ್ಮ ಸೀಮೆಯಲ್ಲಿ ಒಂದೊಂದಾಗಿ ಕಣ್ಮರೆಯಾದುದನ್ನು ಕಂಡ ನನಗೆ, ಅವುಗಳಲ್ಲೊಂದನ್ನು ಎಲ್ಲಿಯೋ ಕಾಪಾಡಿದ್ದಾರೆಂದು ತಿಳಿದಾಗ, ಅಲ್ಲಿ ಏನನ್ನು ಕಾಪಾಡಿದ್ದಾರೆಂಬುದನ್ನು ಹೋಗಿ ನೋಡಬೇಕೆನ್ನಿಸಿತು. ಹತ್ತು ವರ್ಷದ ಮೊಮ್ಮಗನನ್ನೂ ಕರೆದುಕೊಂಡೆ.

ಹೊಸಪೇಟೆಯಿಂದ ಆ ಕಡೆಗೆ ಹೋಗಲು ಈಗ ಕೊಟ್ಟೂರಿನ ಹಾದಿ ಮತ್ತೆ ತೆರೆದಿದೆ. ಈ ‘ಮತ್ತೆ’ ಎಂಬ ಮಾತಿನ ಹಿಂದೆ ಒಂದು ದೀರ್ಘವಾದ ಕಥೆಯಿದೆ. ಹೊಸಪೇಟೆಯಿಂದ ವ್ಯಾಸನಕೆರೆ, ಮರಿಯಮ್ಮನಹಳ್ಳಿ, ಹಗರಿಬೊಮ್ಮನಹಳ್ಳಿಗಳ ಮೇಲೆ ಕೊಟ್ಟೂರಿಗೆ ಹೋಗುವ ಶಾಖೆ 1905ರಷ್ಟು ಹಳೆಯದು. ಗುಂಡಾ ರೋಡಿನ ಬಳಿ ಅದರಿಂದ ಕವಲೊಡೆದ ಹಾದಿ ಸಂಡೂರಿನ ಬೆಟ್ಟಗಳ ಸೆರಗನ್ನು ಹಿಡಿದು ಯಶವಂತನಗರದ ಮೇಲೆ ಸ್ವಾಮಿಹಳ್ಳಿಗೆ ಹೋಗಿ, ಆ ಬೆಟ್ಟಗಳ ಅದಿರನ್ನು ಹೊರಲೋಕಕ್ಕೆ ಮುಟ್ಟಿಸುತ್ತಿದ್ದಿತು. ದೇಶದ ಹಳಿಗಳೆಲ್ಲ ಒಂದೇ ಅಗಲದವಾಗಬೇಕೆಂಬ ಯೋಜನೆ 1992ರಲ್ಲಿ ಜಾರಿಗೆ ಬಂದು ನಮ್ಮ ಮುಖ್ಯ ಹಾದಿ ಬ್ರಾಡ್‌ಗೇಜಾದಾಗ, ಕೊಟ್ಟೂರಿನ ಜನ ಹಳೆಯ ಗಾಡಿಯನ್ನು ಕಳೆದುಕೊಂಡರು, ಹೊಸದನ್ನು ಪಡೆಯಲಿಲ್ಲ. ಎರಡು ದಶಕಗಳಿಗೂ ಮಿಕ್ಕ ಕಾಲ ಆ ಹಾದಿಯಲ್ಲಿ ಪ್ರಯಾಣಿಕರ ಗಾಡಿಯಿರಲಿಲ್ಲ. ಮಕ್ಕಳಾಗಿ ಅದರಲ್ಲಿ ಕುಳಿತು ಕೊಟ್ಟೂರೇಶ್ವರನ ತೇರಿಗೆ ಹೋದವರು ಮೊಮ್ಮಕ್ಕಳನ್ನು ಕಾಣುವವರೆಗೆ ಬಸ್ಸಿನಲ್ಲಿಯೇ ಹೋಗಬೇಕಾಯಿತು. 2019ರಲ್ಲಿ ಹರಿಹರದವರೆಗೆ ಗಾಡಿ ಓಡತೊಡಗಿದ ದಿನಗಳಲ್ಲಿ, ಎಲ್ಲಿಗೂ ಹೋಗುವ ಕೆಲಸವಿಲ್ಲದಿದ್ದರೂ ಹೊಸಪೇಟೆಯಲ್ಲಿ ಟಿಕೆಟು ತೆಗೆದುಕೊಂಡು ಹತ್ತಿ ಕುಳಿತ ವೃದ್ಧರನ್ನು ನಾನು ಕಂಡಿದ್ದೇನೆ. ಅವರಲ್ಲಿ ನಾನೂ ಒಬ್ಬ.

ಹರಿಹರದಿಂದ ಮುಂದೆ ದಾವಣಗೆರೆಯನ್ನು ದಾಟುವಾಗ ಆನಗೋಡಿನ ನೆನಪು ಬಾರದಿರಲಿಲ್ಲ. 1990ರ ಸೆಪ್ಟೆಂಬರ್ 30ರಂದು ಅಲ್ಲಿಯ ಹೆದ್ದಾರಿಯ ಅಪಘಾತದಲ್ಲಿ ಶಂಕರ್ ನಾಗ್ ತೀರಿಕೊಂಡಾಗ ಅವರಿಗೆ ಮೂವತ್ತಾರು ತುಂಬಿರಲಿಲ್ಲ. ಆ ಅಲ್ಪಾಯುಷ್ಯದಲ್ಲಿ ಅವರು ಕೈಹಚ್ಚಿದ ಕೆಲಸಗಳಲ್ಲಿ, ಕಾಡಿನೊಳಗಿನ ಒಂದು ಸ್ಟೇಷನ್ನಿಗೆ ತಾವು ತೀರಿಕೊಂಡ ಮೂರು ದಶಕಗಳ ಬಳಿಕ ಪುನರ್ಜನ್ಮ ದೊರಕಿಸಿದುದೂ ಒಂದೆಂದು ಅವರಿಗೇ ತಿಳಿದಿರಲಾರದು.

ಬೀರೂರಿನಲ್ಲಿ ಕವಲೊಡೆಯುವ ಹಾದಿ ಶಿವಮೊಗ್ಗವನ್ನು ಮುಟ್ಟಿದ್ದು 1899ರಲ್ಲಿ. ಅಲ್ಲಿಂದ ಮುಂದಕ್ಕೆ, ಕುಂಸಿ, ಅರಸಾಳು, ಆನಂದಪುರ, ಸಾಗರಗಳ ಮೇಲೆ ಜೋಗದ ಬಾಗಿಲಾದ ತಾಳಗುಪ್ಪದವರೆಗೆ ಮೈಸೂರು ಸಂಸ್ಥಾನದವರು ಹಳಿ ಹಾಕಿಸಿದ್ದು ಅದಾದ ಕೆಲವು ದಶಕಗಳ ಬಳಿಕ. ಅಡಿಕೆ, ಮರಮುಟ್ಟು, ಜಲಪಾತವನ್ನು ನೋಡಲು ಹೋಗುವ ಯಾತ್ರಿಕರು, ಇವೇ ಆ ಹಾದಿಯ ಸರಕು. ಮೀಟರ್‌ಗೇಜಿನ ಕೊನೆಯ ವರ್ಷಗಳಲ್ಲಿ ರೈಲುಬಸ್ಸೆಂಬ ಒಂಟಿ ಡಬ್ಬಿಯ ವಾಹನವೊಂದು ಹಳಿಯ ಮೇಲೆ ಬಸ್ಸಿನಂತೆ ಓಡಾಡಿಕೊಂಡಿದ್ದುದನ್ನು ಆ ಕಡೆಯ ಜನ ಈಗಲೂ ಅಕ್ಕರೆಯಿಂದ ನೆನೆಯುತ್ತಾರೆ. 2011ರ ಹೊತ್ತಿಗೆ ತಾಳಗುಪ್ಪದವರೆಗೂ ಬ್ರಾಡ್‌ಗೇಜಾಗಿ ಮುಗಿದಿದ್ದಿತು.

ಅರಸಾಳಿನಲ್ಲಿ ಇಳಿದವರು ನಾವಿಬ್ಬರು, ರಿಪ್ಪನ್‌ಪೇಟೆಗೆ ಹೋಗುವ ಒಂದು ಸಂಸಾರ, ಅಷ್ಟೆ. ಗಾಡಿ ಹೊರಟುಹೋದ ಮೇಲೆ ಆ ಸ್ಥಳದಲ್ಲಿ ಆವರಿಸಿದ ನಿಶ್ಶಬ್ದವನ್ನು ನಮ್ಮ ಹೊಸಪೇಟೆಯಂತಹ, ಅದಿರಿನ ಗಾಡಿಗಳು ಹಗಲಿರುಳು ಗುಡುಗುವ ಜಂಕ್ಷನ್ನಿನವರು ಅನುಭವಿಸಿಯೇ ತಿಳಿಯಬೇಕು. ಹಳೆಯ ಕಟ್ಟಡ ಬಹಳ ಸಣ್ಣದು. ಮಂಗಳೂರು ಹೆಂಚಿನ ಇಳಿಜಾರು ಮಾಡು, ಮಳೆಗೆ ತಗ್ಗಿ ನಿಂತಂತಹ ಮುಂಚಾಚು, ಮರದ ಕಂಬ, ಪ್ರಯಾಣಿಕರು ಕುಳಿತುಕೊಳ್ಳಲು ಒಂದಿಷ್ಟು ಎಡೆ, ಟಿಕೆಟಿನ ಕಿಂಡಿ, ಮಾಸ್ತರರ ಕೋಣೆ. ಸಣ್ಣ ಊರಿನ ಒಂದು ಸ್ಟೇಷನ್ನಿಗೆ ಇದಕ್ಕಿಂತ ಹೆಚ್ಚೇನೂ ಬೇಕಾಗಿರಲಿಲ್ಲವೆಂಬುದೂ, ಬೇಕಾದುದರಲ್ಲಿ ಯಾವುದೊಂದೂ ಕಡಿಮೆಯಿರಲಿಲ್ಲವೆಂಬುದೂ ಅದರ ಮುಂದೆ ಒಂದು ಗಳಿಗೆ ನಿಂತರೆ ಮನಸ್ಸಿಗೆ ಹೊಳೆಯುತ್ತದೆ.

ಈ ಪುನರುದ್ಧಾರದಲ್ಲಿ ಕೈಯಿಟ್ಟವರಲ್ಲಿ ಕಲಾವಿದ ಜಾನ್ ದೇವರಾಜ್ ಒಬ್ಬರು. ಧಾರಾವಾಹಿಯ ಕಾಲದಲ್ಲಿ ಅದರ ಕಲಾನಿರ್ದೇಶಕರಾಗಿ ಆಗುಂಬೆಯನ್ನು ಮಾಲ್ಗುಡಿಯನ್ನಾಗಿ ಮಾಡಿದವರೇ ಮತ್ತೊಮ್ಮೆ ಬಂದು, ಒಮ್ಮೆ ಮಾಲ್ಗುಡಿಯಾಗಿದ್ದ ಕಟ್ಟಡವನ್ನು ಶಾಶ್ವತವಾಗಿ ಮಾಲ್ಗುಡಿಯನ್ನಾಗಿಸಿದರು. ಒಳಗೆ ಧಾರಾವಾಹಿಯ ನೆನಪನ್ನು ತರುವ ಚಿತ್ರಗಳು, ಪ್ರತಿಕೃತಿಗಳು. ಹೊರಗೆ, ಹಳಿಯಿಂದ ನಿವೃತ್ತವಾದ ಮೀಟರ್‌ಗೇಜಿನ ಡಬ್ಬಿಯಲ್ಲಿ ಚಹಾ. ಸ್ವಾಮಿಯೆಂಬ ಹುಡುಗನ ಪಾತ್ರದ ಮಾಸ್ಟರ್ ಮಂಜುನಾಥ, ತಂದೆಯಾಗಿ ಗಿರೀಶ ಕಾರ್ನಾಡ, ತಾಯಿಯಾಗಿ ವೈಶಾಲಿ ಕಾಸರವಳ್ಳಿ: ಆ ಮುಖಗಳನ್ನು ನೆನೆದು ಬರುವವರಿಗೆ ಇದು ತೃಪ್ತಿಕರವಾದ ಸ್ಥಳ. ಎಲ್. ವೈದ್ಯನಾಥನ್ ಅವರು ಕೂಡಿಸಿದ ಆ ರಾಗವನ್ನು, ಯಾರೂ ಹಾಡಿಸದೆಯೇ, ಅಲ್ಲಿ ಒಬ್ಬ ಹುಡುಗಿ ತನ್ನಷ್ಟಕ್ಕೆ ಗುನುಗುತ್ತಿದ್ದುದನ್ನು ಕೇಳಿದೆ.

ಮಾಲ್ಗುಡಿಯ ಹುಟ್ಟಿಗೂ ರೈಲ್ವೆ ಸ್ಟೇಷನ್ನಿಗೂ ಇರುವ ನಂಟು ಕೇವಲ ಚಿತ್ರೀಕರಣದ್ದಲ್ಲ. 1930ರ ವಿಜಯದಶಮಿಯ ದಿನ, ಅಜ್ಜಿ ಆಯ್ದುಕೊಟ್ಟ ಶುಭಮುಹೂರ್ತದಲ್ಲಿ ಬರೆಯಲು ಕುಳಿತ ಯುವಕ ನಾರಾಯಣರ ಮನಸ್ಸಿಗೆ ಆ ಊರಿನಲ್ಲಿ ಮೊತ್ತಮೊದಲು ಬಂದುದು ಅದರ ಸ್ಟೇಷನ್ನು. ರೈಲೊಂದು ಬಂದು ಅಲ್ಲಿ ನಿಂತ ಮೇಲೆಯೇ ಸುತ್ತಲೂ ಊರು ಬೆಳೆಯಿತು, 1935ರಲ್ಲಿ ಸ್ವಾಮಿ ಮತ್ತು ಅವನ ಗೆಳೆಯರ ಪುಸ್ತಕವಾಗಿ ಲೋಕಕ್ಕೆ ಬಂದಿತು. ಅವರ ‘ದಿ ಗೈಡ್’ ಕಾದಂಬರಿಯ ನಾಯಕನಾದರೂ ಯಾರು? ಸ್ಟೇಷನ್ನಿನ ಅಂಗಡಿಯಲ್ಲಿ ಕುಳಿತು, ಇಳಿದು ಬಂದವರು ಕೇಳಿದ್ದಕ್ಕೆಲ್ಲ ಉತ್ತರ ಹೇಳುತ್ತ ಹೇಳುತ್ತ ಮಾರ್ಗದರ್ಶಿಯಾಗಿಬಿಟ್ಟ ‘ರೈಲ್ವೆ ರಾಜು’. ಮೈಸೂರಿನಲ್ಲಿದ್ದು ಇಂಗ್ಲಿಷಿನಲ್ಲಿ ಬರೆದ ಆ ಕಥೆಗಾರನಿಗೆ, ಹಳಿ ಬರುವ ಮೊದಲು ತನ್ನಷ್ಟಕ್ಕೆ ತಾನಿದ್ದ ಊರು ಹಳಿ ಬಂದ ಬಳಿಕ ಅಪರಿಚಿತರ ಪ್ರಶ್ನೆಗಳಿಗೆ ಉತ್ತರ ಹೇಳಬೇಕಾದ ಊರಾಗುತ್ತದೆಂಬುದು ಚೆನ್ನಾಗಿ ತಿಳಿದಿದ್ದಿತು. ಹೊಸಪೇಟೆಯವರಾದ ನಮಗೂ ಅದು ತಿಳಿಯದ ಸಂಗತಿಯಲ್ಲ. ಲಾಂಗ್‌ಹರ್ಸ್ಟ್ ಎಂಬ ಪುರಾತತ್ತ್ವಾಧಿಕಾರಿ ಹಂಪೆಯ ಅವಶೇಷಗಳ ಕುರಿತ ತನ್ನ ಕೈಪಿಡಿಯನ್ನು 1917ರಲ್ಲಿ ಪ್ರಕಟಿಸುವುದಕ್ಕೆ ಮೊದಲಿನಿಂದಲೂ, ಹಂಪೆಗೆ ಹೋಗುವವರು ಇಳಿಯುತ್ತಿದ್ದುದು ನಮ್ಮ ಟೇಷನ್ನಿನಲ್ಲಿಯೇ. ಕಮಲಾಪುರಕ್ಕೆ ಜಟಕಾ ಹೂಡುತ್ತಿದ್ದವರೆಲ್ಲರೂ ಒಂದು ಬಗೆಯ ರೈಲ್ವೆ ರಾಜುಗಳೇ.

ಚಹಾ ಕುಡಿಯುತ್ತಿದ್ದಾಗ ಮೊಮ್ಮಗ ಮಾಸ್ತರರ ಕೋಣೆಯ ಕಡೆಗೆ ನೋಡುತ್ತ ಕೇಳಿದ:

“ತಾತ, ಫೋನಿಲ್ಲದಾಗ ಮುಂದಿನ ಟೇಷನ್ನಿನವ್ರಿಗೆ ಗಾಡಿ ಬರ್ತೈತಂತ ಹೆಂಗ ಗೊತ್ತಾಕ್ಕಿತ್ತು?”

ಆ ಪ್ರಶ್ನೆಗಾಗಿಯೇ ನಾನು ಇಷ್ಟು ದೂರ ಬಂದೆನೋ ಏನೋ! ಏಕೆಂದರೆ ಸಣ್ಣ ಸ್ಟೇಷನ್ನಿನ ಜೀವವೆಲ್ಲ ಅಡಗಿದ್ದುದು ಆ ಪ್ರಶ್ನೆಯ ಉತ್ತರದಲ್ಲಿ. ಹಳಿಯಿರುವುದು ಒಂದೇ, ಗಾಡಿಗಳು ಎರಡು ದಿಕ್ಕಿನಿಂದಲೂ ಬರತಕ್ಕವು. ಎರಡು ಸ್ಟೇಷನ್ನುಗಳ ನಡುವಿನ ಹಳಿಯ ಮೇಲೆ ಒಂದು ಹೊತ್ತಿನಲ್ಲಿ ಒಂದೇ ಗಾಡಿ ಇರುವಂತೆ ನೋಡಿಕೊಳ್ಳುವುದೆಂದರೆ, ಕೇವಲ ವೇಳಾಪಟ್ಟಿಯನ್ನು ನಂಬಿ ಕುಳಿತರೆ ಆಗದು, ಮಾಸ್ತರರ ಜ್ಞಾಪಕಶಕ್ತಿಯನ್ನು ನಂಬಿದರೂ ಆಗದು. ಅದಕ್ಕಾಗಿ ಇದ್ದುದು ನೀಲ್ ಎಂಬಾತನ ಹೆಸರಿನ ಯಂತ್ರ. ನಮ್ಮ ಮಾವನವರ ಬಾಯಲ್ಲಿ ‘ಗುಂಡಿನ ಮಿಶನ್ನು’.

ಅದನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಆಳೆತ್ತರಕ್ಕೆ ತುಸು ಕಡಿಮೆಯಾದ, ಕಪ್ಪು ಬಣ್ಣ ಬಳಿದ ಕಬ್ಬಿಣದ ಪೆಟ್ಟಿಗೆ. ಮುಂದೆ ಒಂದು ಹಿಡಿ, ಒಂದು ಮುಳ್ಳಿನ ಗಡಿಯಾರದಂತಹ ಮುಖ, ಒಂದು ಗಂಟೆ. ಒಳಗೆ, ಕಿತ್ತಳೆ ಹಣ್ಣಿಗಿಂತ ಸಣ್ಣವಾದ ಉಕ್ಕಿನ ಗುಂಡುಗಳು. ಇಂತಹುದೇ ಪೆಟ್ಟಿಗೆ ಮುಂದಿನ ಸ್ಟೇಷನ್ನಿನಲ್ಲಿಯೂ ಇದ್ದು, ತಂತಿಯೊಂದು ಎರಡನ್ನೂ ಬೆಸೆದಿರುತ್ತದೆ. ಇಲ್ಲಿಯ ಮಾಸ್ತರರು ಗಂಟೆಯ ಸಂಕೇತ ಕೊಟ್ಟು, ಗಾಡಿ ಕಳುಹಿಸಲೇ ಎಂದು ಕೇಳುತ್ತಾರೆ. ಅಲ್ಲಿಯ ಮಾಸ್ತರರು ತಮ್ಮ ಹಾದಿ ತೆರವಾಗಿದೆಯೆಂದು ನಿಶ್ಚಯಿಸಿಕೊಂಡು, ಒಪ್ಪಿ, ತಮ್ಮ ಯಂತ್ರದ ಹಿಡಿಯನ್ನು ತಿರುಗಿಸಿದರೆ ಮಾತ್ರ ಇಲ್ಲಿಯ ಯಂತ್ರ ಒಂದು ಗುಂಡನ್ನು ಹೊರಕ್ಕೆ ಬಿಡುತ್ತದೆ. ಒಂದು ಗುಂಡು ಹೊರಬಿತ್ತೆಂದರೆ, ಅದು ಈ ತುದಿಯಲ್ಲಾಗಲಿ ಆ ತುದಿಯಲ್ಲಾಗಲಿ ಮತ್ತೆ ಯಂತ್ರದೊಳಕ್ಕೆ ಸೇರುವವರೆಗೆ, ಎರಡು ಪೆಟ್ಟಿಗೆಗಳಲ್ಲಿ ಯಾವುದರಿಂದಲೂ ಎರಡನೆಯ ಗುಂಡು ಹೊರಬಾರದು. ಹೀಗೆ ಪಡೆದ ಒಪ್ಪಿಗೆಗೇ ‘ಲೈನ್ ಕ್ಲಿಯರ್’ ಎನ್ನುವುದು. ಚಾಲಕನ ಕೈಯಲ್ಲಿ ಗುಂಡಿಲ್ಲದೆ ಗಾಡಿ ಮುಂದಿನ ಹಳಿಗೆ ಕಾಲಿಡುವಂತಿರಲಿಲ್ಲ.

ನನ್ನ ಮಾವನ ಕೆಲಸ ಶುರುವಾಗುತ್ತಿದ್ದುದು ಆ ಮೇಲೆ. ಗುಂಡನ್ನು ತೊಗಲಿನ ಚೀಲಕ್ಕಿಟ್ಟು, ಚೀಲವನ್ನು ಬೆತ್ತದ ದೊಡ್ಡ ಬಳೆಗೆ ಬಿಗಿದು, ಅವರು ಹಳಿಯ ಪಕ್ಕದಲ್ಲಿ ನಿಲ್ಲುವರು. ನಿಲ್ಲದೆ ಹೋಗುವ ಗಾಡಿಯಾದರೆ ಇಂಜಿನ್ನಿನಿಂದ ಹೊರಕ್ಕೆ ಬಾಗಿದ ಫೈರ್‌ಮನ್ ಹಿಂದಿನ ತುಂಡಿನ ಬಳೆಯನ್ನು ಕೆಳಕ್ಕೆಸೆದು, ಮರುಕ್ಷಣದಲ್ಲಿ ಮಾವ ಎತ್ತಿಹಿಡಿದ ಬಳೆಯೊಳಕ್ಕೆ ತನ್ನ ತೋಳನ್ನು ತೂರಿಸಿ ಸೆಳೆದುಕೊಳ್ಳುವನು. ಬಳೆ ತೋಳಿಗೆ ಹೊಡೆಯುವ ಸಪ್ಪಳ, ಉಗಿಯ ಬಿಸಿ, ಕಣ್ಣಿಗೆ ಬೀಳುವ ಇದ್ದಿಲ ಕಿಡಿ, ಎಲ್ಲವೂ ಒಂದು ಉಸಿರಿನೊಳಗೆ. ರಾತ್ರಿಯಾದರೆ ಮಾವನ ಇನ್ನೊಂದು ಕೈಯಲ್ಲಿ ಕಂದೀಲು. ಮೂವತ್ತು ವರ್ಷ ಅವರು ಹಾಗೆ ನಿಂತರು. ಅವರ ಬಲಗೈಯ ಹೆಬ್ಬೆರಳು ತುಸು ಸೊಟ್ಟಗಾಗಿದ್ದುದನ್ನು ಅತ್ತೆ ಯಾವಾಗಲೂ ‘ಗುಂಡಿನ ಗುರುತು’ ಎಂದೇ ಕರೆಯುತ್ತಿದ್ದರು.

“ಗುಂಡು ಮರೆತ್ರ?” ಎಂದು ಒಮ್ಮೆ ಕೇಳಿದ್ದೆ.

“ಮರೀಬೌದು, ಆದ್ರ ಮಿಶನ್ನು ಮರಿಯಂಗಿಲ್ಲ. ಆಚೀ ಕಡೀ ಮಾಸ್ತರು ಒಪ್ಪಬೇಕಲ್ಲೋ ತಮ್ಮಾ, ಒಬ್ಬರ ಮಾತಿನ ಮ್ಯಾಲೆ ಗಾಡಿ ಹೋಗೂದಿಲ್ಲ,” ಎಂದಿದ್ದರು.

ಮುಖವನ್ನೇ ಕಾಣದ ಇಬ್ಬರು ಮಾಸ್ತರರು, ನಡುವೆ ಐದಾರು ಮೈಲಿ ಎರೆಹೊಲ. ಒಬ್ಬನು ಕೇಳುವುದು, ಇನ್ನೊಬ್ಬನು ಒಪ್ಪುವುದು. ಆ ಒಪ್ಪಿಗೆಯ ಮೇಲೆ ನಾನೂರು ಐನೂರು ಜನ ನಿದ್ರಿಸುತ್ತ ಸಾಗುವುದು. ಹೊರಗಿನಿಂದ ನೋಡಿದವರಿಗೆ ಸಣ್ಣ ಸ್ಟೇಷನ್ನೆಂದರೆ ಏನೂ ನಡೆಯದ ಸ್ಥಳ. ಒಳಗೆ ಹಗಲಿರುಳು ನಡೆಯುತ್ತಿದ್ದುದು ಇದು. ಅರಸಾಳಿನ ಕಟ್ಟಡವನ್ನು ಉಳಿಸಿದವರ ವಿಷಯದಲ್ಲಿ ನನಗೆ ನಿಜವಾದ ಕೃತಜ್ಞತೆಯಿದೆ. ಆದರೂ ಅಲ್ಲಿ ನನ್ನ ಕಣ್ಣು ಹುಡುಕಿದ್ದು ಸ್ವಾಮಿಯ ಜೊತೆಗೆ ನನ್ನ ಮಾವನಂತಹವರನ್ನೂ. ಕಥೆಯ ಸ್ಟೇಷನ್ನಿಗೆ ಅಲ್ಲಿ ದೊರೆತ ಗೌರವ ಕೆಲಸದ ಸ್ಟೇಷನ್ನಿಗೂ ದೊರೆಯಬೇಕೆಂಬುದು ನನ್ನ ಆಸೆ.

ಟಿಕೆಟಿನ ಕಿಂಡಿಯ ಮಾತೂ ಒಂದಿದೆ. ನಾವೆಲ್ಲ ಬಲ್ಲ ಆ ದಪ್ಪರಟ್ಟಿನ ಪುಟ್ಟ ಟಿಕೆಟನ್ನು ಲೋಕಕ್ಕೆ ಕೊಟ್ಟವನು ಲಂಡನ್ನಿನ ಯಾವ ದೊಡ್ಡ ಅಧಿಕಾರಿಯೂ ಅಲ್ಲ. ಥಾಮಸ್ ಎಡ್ಮಂಡ್‌ಸನ್ ಎಂಬ, ಪೀಠೋಪಕರಣ ಮಾಡುವ ಬಡಗಿಯ ಕಸುಬು ಬಲ್ಲ, ಉತ್ತರ ಇಂಗ್ಲೆಂಡಿನ ನ್ಯೂಕಾಸಲ್–ಕಾರ್ಲೈಲ್ ಹಾದಿಯಲ್ಲಿ ಮಿಲ್ಟನ್ ಎಂಬ ಸಣ್ಣ ಸ್ಟೇಷನ್ನಿನ ಮಾಸ್ತರನಾಗಿದ್ದವನು. 1830ರ ದಶಕದ ಉತ್ತರಾರ್ಧದಲ್ಲಿ, ಪ್ರತಿಯೊಬ್ಬ ಪ್ರಯಾಣಿಕನಿಗೂ ಕೈಯಿಂದ ಚೀಟಿ ಬರೆದುಕೊಡುವ ತೊಡಕನ್ನು ಕಂಡು, ಮುಂಚಿತವಾಗಿಯೇ ಊರಿನ ಹೆಸರನ್ನೂ ಕ್ರಮಸಂಖ್ಯೆಯನ್ನೂ ಅಚ್ಚಿಸಿದ ರಟ್ಟಿನ ತುಂಡುಗಳನ್ನೂ, ಅವುಗಳ ಮೇಲೆ ತಾರೀಖನ್ನು ಒತ್ತುವ ಯಂತ್ರವನ್ನೂ ಅವನು ರೂಪಿಸಿದನು. ಸುಮಾರು 57 ಮಿಲಿಮೀಟರ್ ಉದ್ದ, 30 ಮಿಲಿಮೀಟರ್ ಅಗಲದ ಆ ತುಂಡು ಅದೇ ಅಳತೆಯಲ್ಲಿ ಲೋಕವನ್ನೆಲ್ಲ ಸುತ್ತಿ, ನಮ್ಮ ಹಗರಿಬೊಮ್ಮನಹಳ್ಳಿಯ ಕಿಂಡಿಗೂ ಬಂದಿತು. ಸಂಜೆಗೆ ಉಳಿದ ಟಿಕೆಟುಗಳ ಮೊದಲ ಸಂಖ್ಯೆಯನ್ನು ಬೆಳಗಿನ ಸಂಖ್ಯೆಯೊಡನೆ ಹೋಲಿಸಿ ನೋಡಿದರೆ ಆ ದಿನದ ಲೆಕ್ಕ ತಾನೇ ತಿಳಿಯುತ್ತಿದ್ದಿತು. ತಾರೀಖು ಒತ್ತುವಾಗಿನ ‘ಟಕ್–ಟಕ್’ ಎಂಬ ಶಬ್ದ ಕೇಳಿದರೆ ಪ್ರಯಾಣ ಶುರುವಾದಂತೆಯೇ ಎಂಬುದು ನಮ್ಮ ಮನೆಯ ಹೆಂಗಸರ ಭಾವನೆಯಾಗಿದ್ದಿತು.

ಹಳೆಯ ನಿಲ್ದಾಣಗಳನ್ನು ಉಳಿಸಿಕೊಳ್ಳುವ ಬುದ್ಧಿ ಹೊರದೇಶಗಳಲ್ಲಿ ನಮಗಿಂತ ಮೊದಲೇ ಮೂಡಿತು. ಲಿವರ್‌ಪೂಲ್–ಮ್ಯಾಂಚೆಸ್ಟರ್ ಹಾದಿಗಾಗಿ 1830ರಲ್ಲಿ ತೆರೆದ ಮ್ಯಾಂಚೆಸ್ಟರಿನ ಲಿವರ್‌ಪೂಲ್ ರೋಡ್ ನಿಲ್ದಾಣ, ಉಳಿದಿರುವ ಪ್ರಯಾಣಿಕರ ನಿಲ್ದಾಣಗಳಲ್ಲಿ ಅತ್ಯಂತ ಪ್ರಾಚೀನವಾದುವುಗಳಲ್ಲಿ ಒಂದು, 1975ರಲ್ಲಿ ಮುಚ್ಚಿ 1983ರಲ್ಲಿ ವಿಜ್ಞಾನ ಮತ್ತು ಕೈಗಾರಿಕೆಗಳ ವಸ್ತುಸಂಗ್ರಹಾಲಯವಾಯಿತು. ಅಮೆರಿಕದ ಮೇರಿಲೆಂಡಿನಲ್ಲಿ ಎಲಿಕಟ್ ಸಿಟಿಯೆಂಬ ಸಣ್ಣ ಪಟ್ಟಣದ 1831ರ ಕಲ್ಲುಕಟ್ಟಡವೂ ಹೀಗೆಯೇ ಉಳಿದಿದೆ. ನಮ್ಮಲ್ಲಿ ದೆಹಲಿಯ ರಾಷ್ಟ್ರೀಯ ರೈಲು ಸಂಗ್ರಹಾಲಯದ ಬೆನ್ನಲ್ಲಿಯೇ 1979ರಲ್ಲಿ ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯ ತೆರೆಯಿತು. ಅರಮನೆಯವರ ಸಲೂನ್ ಗಾಡಿಯನ್ನು ಅಲ್ಲಿ ನೋಡಬಹುದು. ಹುಬ್ಬಳ್ಳಿಯದು 2020ರದು. ಇವೆಲ್ಲವೂ ಇಂಜಿನ್ನುಗಳ ಮನೆಗಳು, ದೊಡ್ಡ ಊರುಗಳ ವೈಭವ. ಸಣ್ಣೂರಿನ ಸ್ಟೇಷನ್ನನ್ನು ಅದಿದ್ದಲ್ಲಿಯೇ, ಅದರ ಮರಗಳ ಕೆಳಗೇ, ಅದರ ಮುಂದೆ ಇಂದಿಗೂ ಗಾಡಿ ನಿಂತು ಹೋಗುತ್ತಿರುವಂತೆಯೇ ಉಳಿಸಿಕೊಂಡಿರುವುದು ಅರಸಾಳಿನ ಹೆಚ್ಚುಗಾರಿಕೆ. ಇಂಜಿನ್ನನ್ನು ಹೊತ್ತುಕೊಂಡು ಹೋಗಿ ಎಲ್ಲಿ ಬೇಕಾದರೂ ನಿಲ್ಲಿಸಬಹುದು. ಸ್ಟೇಷನ್ನು ತನ್ನ ಹಳಿಯನ್ನೂ ಊರನ್ನೂ ಬಿಟ್ಟರೆ ಬರಿಯ ಹೆಂಚಿನ ಮನೆ.

ಇಷ್ಟನ್ನು ನೋಡಿ ಬಂದ ಮೇಲೆ ಹೊಸಪೇಟೆಯ ವಿಷಯವನ್ನು ಹೇಳದೆ ಇರಲಾರೆ. ನಮ್ಮ ಹಾದಿ ಹುಟ್ಟಿದ್ದು ಸುಖದಿಂದಲ್ಲ. ಧಾತು ಈಶ್ವರ ಸಂವತ್ಸರಗಳ ಬರ, ಎಂದರೆ 1876ರಿಂದ 1878ರವರೆಗಿನ ಕ್ಷಾಮ, ಬಳ್ಳಾರಿ ಸೀಮೆಯನ್ನು ಸುಟ್ಟಂತೆ ಬೇರೆ ಕೆಲವೇ ಸೀಮೆಗಳನ್ನು ಸುಟ್ಟಿತು. ಮದರಾಸಿನ ಕಡೆಯಿಂದ ಬಳ್ಳಾರಿಯವರೆಗೆ ರೈಲು ಆಗಲೇ ಬಂದಿದ್ದಿತು. ಧಾನ್ಯ ಅಲ್ಲಿಯವರೆಗೆ ಬರುವುದು, ಅಲ್ಲಿಂದ ಪಶ್ಚಿಮಕ್ಕೆ ಎತ್ತಿನ ಬಂಡಿಗಳಲ್ಲಿ ಹೋಗಬೇಕು, ಮೇವಿಲ್ಲದೆ ಎತ್ತುಗಳೇ ಸಾಯುತ್ತಿರುವಾಗ ಬಂಡಿಯನ್ನು ಎಳೆಯುವವರಾರು? ಕ್ಷಾಮದ ಆಯೋಗ 1880ರಲ್ಲಿ ರೈಲುಹಾದಿಗಳ ಅಗತ್ಯವನ್ನು ಒತ್ತಿಹೇಳಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಏರ್ಪಟ್ಟಿತು. ಆ ದಶಕದಲ್ಲಿಯೇ ಬಳ್ಳಾರಿ, ಹೊಸಪೇಟೆ, ಗದಗುಗಳನ್ನು ಪೋಣಿಸುವ ಮೀಟರ್‌ಗೇಜು ಹಳಿ ಬಿದ್ದಿತು. ಆ ಕಂಪನಿಯ ಪ್ರಧಾನ ಕಚೇರಿ ಇದ್ದ ಧಾರವಾಡದ ಕಟ್ಟಡವೇ ಮುಂದೆ ಕರ್ನಾಟಕ ಕಾಲೇಜಾಯಿತೆಂಬುದನ್ನು ಅಲ್ಲಿ ಓದಿದವರೂ ಅನೇಕರು ಮರೆತಿರಬಹುದು. 1908ರಲ್ಲಿ ಅದು ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆಯಾಯಿತು. 1951ರಲ್ಲಿ ದಕ್ಷಿಣ ರೈಲ್ವೆ, 1966ರಲ್ಲಿ ದಕ್ಷಿಣ ಮಧ್ಯ ರೈಲ್ವೆ, 2003ರಿಂದ ಹುಬ್ಬಳ್ಳಿಯಲ್ಲಿ ನೆಲೆಗೊಂಡ ನೈರುತ್ಯ ರೈಲ್ವೆ. ನನ್ನ ಮಾವ ಒಂದೇ ಊರಿನ ಒಂದೇ ಹಳಿಯ ಪಕ್ಕದಲ್ಲಿ ನಿಂತುಕೊಂಡು ಇವುಗಳಲ್ಲಿ ಮೂರರ ಸಂಬಳ ಪಡೆದವರು.

ಹೊಸಪೇಟೆಯ ನಿಲ್ದಾಣದ ಮುಖವನ್ನು ಇತ್ತೀಚೆಗೆ ಹಂಪೆಯ ಶಿಲ್ಪವನ್ನು ನೆನಪಿಸುವಂತೆ ಅಲಂಕರಿಸಿದ್ದಾರೆ. ಅದು ಚೆನ್ನಾಗಿಯೂ ಇದೆ, ಇಳಿದು ಬರುವ ಯಾತ್ರಿಕರಿಗೆ ಹಿಡಿಸುತ್ತದೆ. ಆದರೆ ಕಲ್ಲಿನ ರಥದ ಕಥೆಯನ್ನು ಹೇಳಲು ಹಂಪೆಯೇ ಇದೆ, ಕಮಲಾಪುರದಲ್ಲಿ ಸಂಗ್ರಹಾಲಯವಿದೆ. ಕಬ್ಬಿಣದ ರಥದ ಕಥೆಯನ್ನು ಹೇಳಲು ಸ್ಟೇಷನ್ನಿಗಿಂತ ಬೇರೆ ಸ್ಥಳವುಂಟೆ? ಬರದಲ್ಲಿ ಸತ್ತವರ ನೆನಪಿನ ಮೇಲೆ ಬಿದ್ದ ಹಳಿ, ಸಂಡೂರಿನ ಅದಿರು, ಕಂಪ್ಲಿಯಿಂದ ಬಂಡಿಗಳಲ್ಲಿ ಬಂದು ಸರಕಿನ ಕಟ್ಟೆಯ ಮೇಲೆ ಇಳಿಯುತ್ತಿದ್ದ ಬೆಲ್ಲ, 1945ರಿಂದ ಎಂಟು ವರ್ಷ ತುಂಗಭದ್ರೆಗೆ ಅಣೆಕಟ್ಟು ಏಳುತ್ತಿದ್ದಾಗ ನಮ್ಮೂರಲ್ಲಿ ಬಂದಿಳಿದ ಕೂಲಿಗಳು, ಮೇಸ್ತ್ರಿಗಳು, ಇಂಜಿನಿಯರುಗಳು, ಇವೆಲ್ಲವೂ ಆ ಪ್ಲಾಟ್‌ಫಾರಮ್ಮಿನ ಚರಿತ್ರೆ. ಕೊಟ್ಟೂರಿನ ಶಾಖೆಯ ಹಳೆಯ ಸಣ್ಣ ಸ್ಟೇಷನ್ನುಗಳಲ್ಲಿ ಒಂದರ ಒಂದು ಕೋಣೆಯಲ್ಲಿ, ಎದುರುಬದುರಾಗಿ ಎರಡು ಗುಂಡಿನ ಮಿಶನ್ನುಗಳನ್ನಿಟ್ಟು, ತಂತಿ ಕೂಡಿಸಿ, ಶಾಲೆಯ ಮಕ್ಕಳ ಕೈಗೆ ಕೊಟ್ಟರೆ ಸಾಕು. ಒಬ್ಬನು ಕೇಳಲಿ, ಇನ್ನೊಬ್ಬಳು ಒಪ್ಪಲಿ, ಗುಂಡು ಹೊರಬರಲಿ. ಹತ್ತಿರದಲ್ಲಿಯೇ ರಟ್ಟಿನ ಟಿಕೆಟಿಗೆ ತಾರೀಖು ಒತ್ತುವ ಯಂತ್ರ, ಗಂಟೆಯಾಗಿ ತೂಗುಹಾಕಿದ ಹಳಿಯ ತುಂಡು, ಹೊರಗೆ ಒಂದು ಕೈಮರ. ಬೆಂಗಳೂರಿನ ಬಳಿ, ಚಿಕ್ಕಬಳ್ಳಾಪುರದ ಹಾದಿಯ ದೊಡ್ಡಜಾಲದಂತಹ ಪುಟ್ಟ ನಿಲ್ದಾಣದ ಹಳೆಯ ಕಟ್ಟಡಕ್ಕೂ ಪರಂಪರೆಯ ರಕ್ಷಣೆಗಾಗಿ ದುಡಿಯುವ ಇಂಟ್ಯಾಕ್ ಸಂಸ್ಥೆಯ ಮುತುವರ್ಜಿಯಿಂದ ಜೀವ ಬಂದಿದೆ. ನಮ್ಮ ಜಿಲ್ಲೆಗೆ ಇದು ಮೀರಿದ ಕೆಲಸವೇನೂ ಅಲ್ಲ. ಧಾರಾವಾಹಿ ತೆಗೆಯುವವರು ನಮ್ಮ ಕಡೆಗೆ ಬರಲಿಲ್ಲ, ನಿಜ. ಬಂದಿದ್ದರೆ ಅವರಿಗೆ ಕಥೆಗೆ ಕೊರತೆಯಾಗುತ್ತಿರಲಿಲ್ಲ.

ಅರಸಾಳಿನಿಂದ ಹಿಂದಿರುಗುವ ಗಾಡಿ ತಡವಾಗಿದ್ದಿತು. ಮೊಮ್ಮಗ ಹಳೆಯ ಕಟ್ಟಡದ ಜಗಲಿಯ ಮೇಲೆ ಕುಳಿತು, ಗುಂಡಿಗೆ ಬದಲಾಗಿ ಒಂದು ಕಲ್ಲನ್ನು ಕರವಸ್ತ್ರದಲ್ಲಿ ಕಟ್ಟಿ, ಅದನ್ನು ಎತ್ತಿಹಿಡಿದು ನಿಲ್ಲುವುದನ್ನು ಅಭ್ಯಾಸ ಮಾಡುತ್ತಿದ್ದನು. ಮನೆಗೆ ಬಂದ ಮೇಲೆ ಅತ್ತೆಯ ಹಳೆಯ ಕುಂಕುಮದ ಭರಣಿಯನ್ನು ತೆಗೆದು ಅವನಿಗೆ ತೋರಿಸಿದೆ. ಅದರಲ್ಲಿ ಮಾವ ಕೆಲಸಕ್ಕೆ ಸೇರಿದ ಹೊಸತರಲ್ಲಿ ತೊಡುತ್ತಿದ್ದ ಕೋಟಿನ ಎರಡು ಹಿತ್ತಾಳೆಯ ಗುಂಡಿಗಳಿವೆ, ಮೇಲೆ ಹಳೆಯ ಕಂಪನಿಯ ಅಕ್ಷರಗಳು. ಕೋಟು ಹರಿದುಹೋದರೂ ಅತ್ತೆ ಅವನ್ನು ಬಿಸಾಡಿರಲಿಲ್ಲ. ಹುಣಿಸೆಹಣ್ಣು ಹಚ್ಚಿ ತಿಕ್ಕಿದಾಗ ಅಕ್ಷರಗಳು ಸ್ಪಷ್ಟವಾದುವು. ಅವನ್ನು ತನ್ನ ಶಾಲೆಗೆ ಒಯ್ಯಲೇ ಎಂದು ಹುಡುಗ ಕೇಳಿದ. ಒಂದನ್ನು ಕೊಟ್ಟೆ, ಇನ್ನೊಂದನ್ನು, ಕೊಟ್ಟೂರು ಹಾದಿಯಲ್ಲಿ ಅಂತಹ ಕೋಣೆಯೊಂದು ಆಗುವ ದಿನಕ್ಕಾಗಿ, ಮತ್ತೆ ಭರಣಿಯಲ್ಲಿಯೇ ಇಟ್ಟಿದ್ದೇನೆ.